ಜೈಲ್ ವಾರ್ಡರ್ ನೌಕರಿ: ಅರ್ಜಿ ಹಾಕೋ ಮುಂಚೆ

ಹೋದ ವಾರ ದಾದರ್ ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯ್ತಾ ನಿಂತಿದ್ದೆ. ಧಾರವಾಡದಲ್ಲಿ ಪರೀಕ್ಷೆಗೆ ಓದ್ತಿರೋ ನಮ್ಮ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಜೈಲ್ ವಾರ್ಡರ್‌ಗೆ ಹಾಕ್ಲೇನು? ಅವ್ವ ಬ್ಯಾಡ ಅನ್ನಾಕತ್ತಾಳ. ಜೈಲಿಗೆ ಹೋಗಾವಂಗ ಹೆಣ್ಣು ಯಾರು ಕೊಡ್ತಾರ ಅಂತಾಳ." ಎಂಟೆಕ್ ಮಾಡಿದೋನಿಗೆ ಎಲ್ಲಾ ಗೊತ್ತು ಅಂತ ಊರಲ್ಲಿ ನಂಬಿಕೆ. ಓದಿ ಹೇಳ್ತೀನಿ ಅಂದೆ. ಹಾಗೆ ಓದಿದ್ದೇ ಈ ವಿಡಿಯೋ.

ಸಂವಿಧಾನದ 7ನೇ ಅನುಸೂಚಿಯ ಪ್ರಕಾರ ಕಾರಾಗೃಹ ರಾಜ್ಯದ ವಿಷಯ. ಅದಕ್ಕೇ ನೇಮಕಾತಿಯೂ ರಾಜ್ಯದ್ದೇ. ನಮ್ಮಲ್ಲಿ ಇಲಾಖೆಯ ಹೆಸರು ಕಾರಾಗೃಹ ಮತ್ತು ಸುಧಾರಣಾ ಸೇವೆ. ವಾರ್ಡರ್‌ಗೆ ಎಸ್ಸೆಸ್ಸೆಲ್ಸಿ ಸಾಕು, ಜೈಲರ್‌ಗೆ ಪದವಿ ಬೇಕು. ಜೊತೆಗೆ ಲಿಖಿತ ಪರೀಕ್ಷೆ, ಓಟ, ಅಳತೆ. ದಕ್ಷಿಣ ರಾಜ್ಯಗಳ ಜೈಲು ಅಧಿಕಾರಿಗಳ ತರಬೇತಿಗೆ ವೆಲ್ಲೂರಿನಲ್ಲಿ 1979ರಿಂದ ಒಂದು ಅಕಾಡೆಮಿ ಇದೆ. ತಮ್ಮ ಬಿಎ ಮುಗಿಸಿದ್ದಾನೆ, ಜೈಲರ್ ಹುದ್ದೆ ಕರೆದಾಗ ಅದಕ್ಕೂ ಹಾಕ್ಲಿ.

ಕೆಲಸ ಏನು? ಬೆಳಗ್ಗೆ ಬ್ಯಾರಕ್ ಬೀಗ ತೆಗೆದು ಎಣಿಸೋದು, ಸಂಜೆ ಎಣಿಸಿ ಬೀಗ ಹಾಕೋದು. ನಮ್ಮ ಬಿಲ್ಡ್ ಫೇಲಾದ್ರೆ ಮತ್ತೆ ಓಡಿಸಿ ಟೀ ಕುಡಿಯೋಕೆ ಹೋಗ್ತೀವಿ. ಅಲ್ಲಿ ಒಂದು ತಲೆ ಕಮ್ಮಿ ಬಂದ್ರೆ ಲೆಕ್ಕ ಸಿಗೋವರೆಗೂ ಯಾರೂ ಅಲ್ಲಾಡೋ ಹಾಗಿಲ್ಲ.

ನನಗೆ ಗೊತ್ತೇ ಇರದಿದ್ದ ಸಂಗತಿ ಬೇರೆ. ಎನ್‌ಸಿಆರ್‌ಬಿ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದ್ರೆ ವಾರ್ಡರ್ ಕಾಯೋ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ! ನೂರು ಜನರ ಜಾಗದಲ್ಲಿ 131 ಜನ. ಆರು ಕೈದಿಗೆ ಒಬ್ಬ ಕಾವಲಿನವನು ಇರಬೇಕು ಅಂತ ಮಾದರಿ ಕೈಪಿಡಿ ಹೇಳುತ್ತೆ, ಹೇಳುತ್ತೆ ಅಷ್ಟೇ.

ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿ ರಾಮಮೂರ್ತಿ ಬರೆದ ಪತ್ರದಿಂದಲೇ ಶುರುವಾದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಜೈಲುಗಳ ಒಂಬತ್ತು ಸಮಸ್ಯೆ ಪಟ್ಟಿ ಮಾಡಿತು. ವಿಚಾರಣೆ ತಡವಾಗೋದು ವಾರ್ಡರ್ ಕೈಲಿಲ್ಲ. ಆದರೆ ಹೊಡೆತ, ಹೊಲಸು, ಮನೆಯವರ ಭೇಟಿಗೆ ಸತಾಯಿಸೋದು, ಇವು ಅವನ ಕೈಲೂ ಇವೆ. ಇನ್ನು ಆಸೆ. ಮೊಬೈಲ್ ಒಳಗೆ ಸಾಗಿಸಿದ ಸಿಬ್ಬಂದಿಯೇ ಬಂಧನಕ್ಕೊಳಗಾದ ಸುದ್ದಿ ನೀವೂ ಓದಿರ್ತೀರಿ.

ತಮ್ಮನಿಗೆ ಹಾಕು ಅಂದೆ. ಚಿಗವ್ವನಿಗೂ ನಾನೇ ಫೋನ್ ಮಾಡಿ, "ಅಂವಾ ಕೈದಿ ಅಲ್ಲವ್ವ, ಕೀಲಿ ಇರೋದು ಅವನ ಕೈಯಾಗ" ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗಲ ಪಾಳಿಯೋ, ರಾತ್ರಿ ಪಾಳಿಯೋ?" ಅಂತ ಕೇಳಿದಳು. ಎರಡೂ ಅಂದೆ.