ಟವರ್ ಇಲ್ಲದ ದಾರಿಯಲ್ಲಿ ಇಂಟರ್ನೆಟ್

1983ರಲ್ಲಿ ಸ್ಟೀವನ್ ರಾಬರ್ಟ್ಸ್ ಎಂಬ ಅಮೆರಿಕದ ಬರಹಗಾರರೊಬ್ಬರು ಓಹಾಯೋ ರಾಜ್ಯದ ಕೊಲಂಬಸ್ ಬಳಿಯ ಮನೆ ಬಿಟ್ಟು, ಸೈಕಲ್ಲೇರಿ ದೇಶ ಸುತ್ತಲು ಹೊರಟರು. ಒರಗಿ ಕುಳಿತು ತುಳಿಯುವ ಆ ಸೈಕಲ್ಲಿನಲ್ಲಿ ಸಣ್ಣದೊಂದು ಸೌರಫಲಕ, ಬ್ಯಾಟರಿ, ರೇಡಿಯೋ ಶ್ಯಾಕ್ ಕಂಪನಿಯ ಪುಟ್ಟ ಕಂಪ್ಯೂಟರ್ ಇದ್ದವು. ದಾರಿಯುದ್ದಕ್ಕೂ ಲೇಖನ ಬರೆಯುವುದು, ಕಾಸು ಹಾಕುವ ಟೆಲಿಫೋನ್ ಸಿಕ್ಕಲ್ಲಿ ಮೋಡೆಮ್ ಹಚ್ಚಿ ಕಂಪ್ಯೂಸರ್ವ್ ಜಾಲದ ಮೂಲಕ ಕಳಿಸುವುದು ಅವರ ದಿನಚರಿಯಾಗಿತ್ತು. ಹೀಗೆ ಸುಮಾರು 16,000 ಕಿ.ಮೀ. ತುಳಿದರು. ಮುಂದೆ ಅವರು ಕಟ್ಟಿದ, 260 ಕೆ.ಜಿ. ತೂಗುವ ‘ಬೆಹೆಮತ್’ ಎಂಬ ಸೈಕಲ್ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸೇರಿತು. ಹತ್ತಿರದ ತಂತಿ ಎಲ್ಲಿದೆ, ಅದುವರೆಗೆ ಕರೆಂಟಿಗೆ ಏನು ಮಾಡುವುದು ಎಂಬುದೇ ಅವರ ನಿತ್ಯದ ಚಿಂತೆ. ತಂತಿಯ ಜಾಗಕ್ಕೆ ಟವರ್ ಮತ್ತು ಉಪಗ್ರಹ ಬಂದಿವೆಯಾದರೂ ಚಿಂತೆ ಮಾತ್ರ ಅದೇ.

ಇಂದು ಆ ಚಿಂತೆಯನ್ನು ಹೊತ್ತು ತಿರುಗುವವರು ಆರ್‌ವಿ ಪ್ರಯಾಣಿಕರು. ಒಲೆ, ಹಾಸಿಗೆ, ಬಚ್ಚಲು, ನೀರಿನ ಟ್ಯಾಂಕ್ ಎಲ್ಲವನ್ನೂ ಒಳಗೊಂಡ, ಬಸ್ಸಿನಷ್ಟು ದೊಡ್ಡದಾಗಿಯೂ ಇರಬಲ್ಲ ವಾಹನಕ್ಕೆ ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ. ನಿವೃತ್ತರು, ಲ್ಯಾಪ್‌ಟಾಪಿನಲ್ಲೇ ನೌಕರಿ ಮಾಡುವ ಯುವಕರು, ಮಕ್ಕಳಿಗೆ ಗಾಡಿಯಲ್ಲೇ ಪಾಠ ಹೇಳುವ ಕುಟುಂಬಗಳು ತಿಂಗಳುಗಟ್ಟಲೆ ಇದರಲ್ಲೇ ಬದುಕುತ್ತಾರೆ. ಬೇ ಏರಿಯಾದ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಬಾಡಿಗೆಯ ಆರ್‌ವಿಯಲ್ಲಿ ಯೊಸೆಮಿಟಿಗೋ ಯೆಲ್ಲೋಸ್ಟೋನಿಗೋ ಕರೆದೊಯ್ಯುವುದೂ ಉಂಟು. ಅಮೆರಿಕದ ಭೂ ನಿರ್ವಹಣಾ ಬ್ಯೂರೋದ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಸರ್ಕಾರಿ ಭೂಮಿಯಿದೆ. ಕರ್ನಾಟಕದ ಐದು ಪಟ್ಟು. ಇದರ ಬಹುಭಾಗದಲ್ಲಿ ಒಂದೆಡೆ 14 ದಿನಗಳವರೆಗೆ ಪುಕ್ಕಟೆಯಾಗಿ ತಂಗಬಹುದು. ಅಲ್ಲಿ ನಲ್ಲಿ ಇರುವುದಿಲ್ಲ, ಪ್ಲಗ್ ಇರುವುದಿಲ್ಲ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ.

ಸಿಗ್ನಲ್ ಇಲ್ಲ ಎನ್ನುವಾಗ ನಿಜಕ್ಕೂ ಏನು ಇರುವುದಿಲ್ಲ? ಫೋನಿನ ತಲೆಯ ಮೇಲಿನ ಕಡ್ಡಿಗಳು ಹೇಳುವುದು ಅರ್ಧ ಕಥೆ. ಬಲ್ಲವರು ಮೋಡೆಮ್‌ನ ಪುಟ ತೆರೆದು, ಸಿಗ್ನಲಿನ ಶಕ್ತಿ ಅಳೆಯುವ ಡಿಬಿಎಂ ಲೆಕ್ಕ ನೋಡುತ್ತಾರೆ. ಮೈನಸ್ 80 ಇದ್ದರೆ ನೆಮ್ಮದಿ, ಮೈನಸ್ 110 ಇದ್ದರೆ ಪರದಾಟ. ಈ ಅಳತೆಯಲ್ಲಿ 10 ಅಂಕ ಇಳಿದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಇವೆರಡರ ನಡುವೆ ಸಾವಿರ ಪಟ್ಟು ಅಂತರ. ಮೈನಸ್ 110 ಎಂದರೆ ಒಂದು ವಾಟ್‌ನ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಕ್ಷೀಣವಾದದ್ದರಿಂದಲೂ ಫೋನು ಅಕ್ಷರಗಳನ್ನು ಹೆಕ್ಕಿ ತೆಗೆಯುತ್ತದೆ ಎನ್ನುವುದು ಎಂಜಿನಿಯರಿಂಗಿನ ದೊಡ್ಡ ಸಾಧನೆ.

ದೂರದ ಜಾಗಗಳಿಗೆ ತಲುಪುವುದು ಕಡಿಮೆ ಆವರ್ತನದ ಅಲೆ. 600 ಮೆಗಾಹರ್ಟ್ಸ್ ಅಲೆಯ ಉದ್ದ ಅರ್ಧ ಮೀಟರ್, 2,500 ಮೆಗಾಹರ್ಟ್ಸ್‌ನದು 12 ಸೆಂಟಿಮೀಟರ್. ಉದ್ದನೆಯ ಅಲೆ ಗುಡ್ಡದ ಅಂಚಿನಲ್ಲಿ ಒಂದಿಷ್ಟು ಬಾಗಿ ಆಚೆ ಬದಿಗೂ ಇಳಿಯುತ್ತದೆ, ಗೋಡೆಯನ್ನೂ ಸುಲಭವಾಗಿ ಹಾಯುತ್ತದೆ. ಅಮೆರಿಕದಲ್ಲಿ ಈ 600 ಮೆಗಾಹರ್ಟ್ಸ್ ಆವರ್ತನ ಪಟ್ಟಿ ಮೊದಲು ಟಿವಿ ಚಾನೆಲ್‌ಗಳದಾಗಿತ್ತು. 2017ರ ಹರಾಜಿನಲ್ಲಿ ಟಿ-ಮೊಬೈಲ್ ಕಂಪನಿ ಸುಮಾರು 800 ಕೋಟಿ ಡಾಲರ್ ತೆತ್ತು ಅದರ ದೊಡ್ಡ ಪಾಲು ಕೊಂಡಿತು. ಹಳೆಯ ಫೋನು, ಹಳೆಯ ಮೋಡೆಮ್‌ಗಳಿಗೆ ಈ ಪಟ್ಟಿ ಕೇಳಿಸುವುದೇ ಇಲ್ಲ. ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಗಾಡಿಗಳಲ್ಲಿ ಒಂದಕ್ಕೆ ನೆಟ್‌ವರ್ಕ್ ಇದ್ದು ಇನ್ನೊಂದಕ್ಕೆ ಇಲ್ಲದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಉಳಿದದ್ದು ಎತ್ತರದ ಮಾತು. ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠ ಕೇಳಲು ಗುಡ್ಡದ ನೆತ್ತಿ ಹತ್ತಿದ್ದರಲ್ಲ, ಅರಿಜೋನಾದ ಮರುಭೂಮಿಯಲ್ಲಿ ಗಾಡಿಯನ್ನು ಕಣಿವೆಯಿಂದ ದಿಬ್ಬಕ್ಕೆ ಸರಿಸುವವರು ಮಾಡುವುದೂ ಅದನ್ನೇ. ಟವರಿಗೂ ಆಂಟೆನಾಗೂ ನಡುವೆ ನೆಲ ಅಡ್ಡ ಬರಬಾರದು.

ಇಷ್ಟೆಲ್ಲ ಸರಿಯಿದ್ದೂ ಕೈಕೊಡುವ ಜಾಗವೊಂದಿದೆ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎರಡೂವರೆ ಸಾವಿರಕ್ಕಿಂತ ಕಡಿಮೆ ಜನರಿರುವ ಊರು. ಚಳಿಗಾಲ ಬಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡ ಆರ್‌ವಿಗಳು ಸಾವಿರಗಟ್ಟಲೆ ಬಂದು ಸುತ್ತಲಿನ ಮರುಭೂಮಿಯಲ್ಲಿ ಬೀಡುಬಿಡುತ್ತವೆ. ಜನವರಿಯಲ್ಲಿ ಆರ್‌ವಿ ಮೇಳವೂ ಅಲ್ಲೇ. ಆಗ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿ ನಿಂತಿರುತ್ತವೆ, ಒಂದು ಪುಟ ಮಾತ್ರ ತೆರೆಯುವುದಿಲ್ಲ. ಕಡ್ಡಿಗಳು ತೋರಿಸುವುದು ಟವರ್ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು. ಅದರ ಸಾಮರ್ಥ್ಯವನ್ನು ಎಷ್ಟು ಜನ ಹಂಚಿಕೊಳ್ಳುತ್ತಿದ್ದಾರೆ ಎಂಬುದನ್ನಲ್ಲ. ಅನಿಯಮಿತ ಎಂದು ಮಾರುವ ಎಷ್ಟೋ ಪ್ಲಾನ್‌ಗಳಲ್ಲಿ, ಇಷ್ಟು ಡೇಟಾ ಬಳಸಿದ ಮೇಲೆ ದಟ್ಟಣೆಯ ಹೊತ್ತಿನಲ್ಲಿ ನಿಮ್ಮ ಸರದಿ ಹಿಂದಕ್ಕೆ ಎಂಬ ಷರತ್ತು ಇರುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಅದು ಯಾರ ಗಮನಕ್ಕೂ ಬರದು. ಕ್ವಾರ್ಟ್ಜ್‌ಸೈಟ್‌ನ ಸಂಜೆ ಏಳು ಗಂಟೆಗೆ ಅದೊಂದೇ ಷರತ್ತು ಇಡೀ ಪ್ಲಾನನ್ನು ನಿಷ್ಪ್ರಯೋಜಕ ಮಾಡುತ್ತದೆ. ಅಲ್ಲಿ ಕೆಲಸದ ಕಡತಗಳನ್ನು ಬೆಳಗಿನ ಜಾವ ಕಳಿಸುವುದೇ ಜಾಣತನ.

ಕಂಪನಿಗಳ ಕವರೇಜ್ ನಕ್ಷೆಯನ್ನು ನಂಬಿ ದಾರಿ ಹಿಡಿಯುವುದೂ ಅಪಾಯ. ಆ ಬಣ್ಣಗಳೆಲ್ಲ ಕಂಪ್ಯೂಟರಿನ ಅಂದಾಜು. ಅಮೆರಿಕದ ದೂರಸಂಪರ್ಕ ಆಯೋಗದ ಸಿಬ್ಬಂದಿ ಸುಮಾರು 16,000 ಕಿ.ಮೀ. ಓಡಾಡಿ ಕೆಲವು ನಕ್ಷೆಗಳನ್ನು ಪರೀಕ್ಷಿಸಿದರು. 2019ರ ಕೊನೆಗೆ ಬಂದ ವರದಿಯ ಪ್ರಕಾರ, ರಸ್ತೆಯಲ್ಲಿ ಮಾಡಿದ ಪರೀಕ್ಷೆಗಳಲ್ಲಿ ನಕ್ಷೆ ಹೇಳಿದ ಕನಿಷ್ಠ ವೇಗ ಸಿಕ್ಕದ್ದು ಶೇ. 62ರಲ್ಲಿ ಮಾತ್ರ.

ಇನ್ನು ಗಾಡಿಯೇ ತಡೆಯಾಗುವ ಸಂಗತಿ. ಏರ್‌ಸ್ಟ್ರೀಮ್ ಹೆಸರಿನ, ಮಿರಮಿರ ಮಿನುಗುವ ಅಲ್ಯೂಮಿನಿಯಂ ಟ್ರೈಲರ್‌ಗಳು 1930ರ ದಶಕದಿಂದಲೂ ಅಮೆರಿಕದ ರಸ್ತೆಗಳ ಹೆಮ್ಮೆ. ಲೋಹದ ಆವರಣದೊಳಕ್ಕೆ ವಿದ್ಯುತ್ ಕ್ಷೇತ್ರ ನುಗ್ಗದು ಎಂದು ಮೈಕೇಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದರು. ಈ ಟ್ರೈಲರುಗಳಲ್ಲಿ ರೇಡಿಯೋ ಅಲೆಗಳು ನುಸುಳುವುದು ಬಹುಮಟ್ಟಿಗೆ ಕಿಟಕಿಗಳಿಂದಲೇ. ಆದ್ದರಿಂದ ಆಂಟೆನಾ ಚಾವಣಿಯ ಮೇಲಿರಬೇಕು. ಆಂಟೆನಾದಿಂದ ಬಂದದ್ದನ್ನು ಸಿಗ್ನಲ್ ಹಿಗ್ಗಿಸುವ ಬೂಸ್ಟರಿಗೆ ಕೊಡುವುದೋ ನೇರ ಮೋಡೆಮ್‌ಗೆ ಕೊಡುವುದೋ ಎಂಬಲ್ಲಿ ಅನೇಕರು ಹಣ ಕಳೆದುಕೊಳ್ಳುತ್ತಾರೆ. ಓಡುವ ವಾಹನದ ಬೂಸ್ಟರ್ ಸಿಗ್ನಲನ್ನು 50 ಡೆಸಿಬೆಲ್, ಅಂದರೆ ಒಂದು ಲಕ್ಷ ಪಟ್ಟು ಹಿಗ್ಗಿಸಬಹುದು ಎಂದು ನಿಯಮವಿದೆ. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದರೆ ಕಿವಿ ಕಿತ್ತುಹೋಗುವಂತೆ ಕಿರುಚುತ್ತದಲ್ಲ, ಹಿಗ್ಗಿದ ಸಿಗ್ನಲನ್ನು ಬಿತ್ತರಿಸುವ ಒಳಗಿನ ಆಂಟೆನಾ ಹೊರಗಿನದಕ್ಕೆ ತೀರ ಹತ್ತಿರವಿದ್ದರೆ ಬೂಸ್ಟರಿನ ಪಾಡೂ ಅಷ್ಟೇ. ಹಾಗಾಗದಿರಲೆಂದು ಅದು ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗಾಡಿ ಚಿಕ್ಕದಾದಷ್ಟೂ ನಷ್ಟ ಹೆಚ್ಚು. ಸಿಗ್ನಲಿನ ಜೊತೆ ಗದ್ದಲವೂ ಹಿಗ್ಗುತ್ತದೆ.

ಈಗಿನ ಒಳ್ಳೆಯ ಮೋಡೆಮ್‌ಗಳು ನಾಲ್ಕು ಆಂಟೆನಾಗಳಿಂದ ಬೇರೆ ಬೇರೆ ದತ್ತಾಂಶಧಾರೆಗಳನ್ನು ಏಕಕಾಲಕ್ಕೆ ಹಿಡಿಯುತ್ತವೆ. ಮಾಮೂಲಿ ಬೂಸ್ಟರ್ ಅವನ್ನು ಒಂದೇ ಧಾರೆಗೆ ಇಳಿಸಿಬಿಡುತ್ತದೆ. ಕರೆ ಮಾಡಲೂ ಆಗದಷ್ಟು ಸಿಗ್ನಲ್ ಬಡವಾಗಿದ್ದಾಗ ಬೂಸ್ಟರ್ ಉಪಕಾರಿ. ಅದಕ್ಕಿಂತ ತುಸು ಉತ್ತಮ ಸ್ಥಿತಿಯಿದ್ದರೆ ಚಾವಣಿಯ ನಾಲ್ಕು ಆಂಟೆನಾಗಳೇ ಮೇಲು, ಮತ್ತು ಎರಡಕ್ಕೂ ದುಡ್ಡಿಲ್ಲದವರು ಮೊದಲು ಕೊಳ್ಳಬೇಕಾದ್ದು ಆಂಟೆನಾಗಳನ್ನೇ.

ಟವರೇ ಇಲ್ಲದ ಕಡೆ ಆಕಾಶ ನೋಡಬೇಕು. ಹಳೆಯ ಉಪಗ್ರಹ ಇಂಟರ್ನೆಟ್ಟಿನ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿ, ಭೂಮಿಯೊಂದಿಗೇ ತಿರುಗುತ್ತ ನಿಂತಿವೆ. ಬೆಳಕಿನ ವೇಗದಲ್ಲೇ ಹೋದರೂ ಕೇಳಿದ ಪುಟ ಮೇಲೆ ಹೋಗಿ, ಕೆಳಗಿಳಿದು, ಉತ್ತರ ಅದೇ ದಾರಿಯಲ್ಲಿ ಮರಳಲು ಸುಮಾರು ಅರ್ಧ ಸೆಕೆಂಡ್ ಬೇಕು. ವಿಡಿಯೋ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುವುದು ಈ ಅರ್ಧ ಸೆಕೆಂಡಿನಿಂದ. ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳು ಹಾರುವುದು ಸುಮಾರು 550 ಕಿ.ಮೀ. ಎತ್ತರದಲ್ಲಿ. ಅದೇ ಪ್ರಯಾಣಕ್ಕೆ ಬೆಳಕಿಗೆ 8 ಮಿಲಿಸೆಕೆಂಡ್ ಸಾಕು. ಉಳಿದ ವಿಳಂಬವೆಲ್ಲ ಸೇರಿದರೂ ಮಾತುಕತೆಗೆ ತೊಡಕಾಗದು. 2022ರ ಮೇ ತಿಂಗಳಲ್ಲಿ ಕಂಪನಿ ಆರ್‌ವಿಗಳಿಗೆಂದೇ ಪ್ಲಾನ್ ತಂದಾಗ ಈ ಪ್ರಯಾಣಿಕರ ಲೋಕದ ಚಹರೆಯೇ ಬದಲಾಯಿತು. ಆಫೀಸಿನ ಕೆಲಸವಿದ್ದವರು ಅಲ್ಲಿಯವರೆಗೆ ಟವರ್ ಇರುವ ಕಡೆ ಮಾತ್ರ ತಂಗುತ್ತಿದ್ದರು.

ಹತ್ತಿರ ಇರುವುದಕ್ಕೆ ತೆರಬೇಕಾದ ಬೆಲೆಯೆಂದರೆ ಓಟ. ಅಷ್ಟು ಕೆಳಗಿನ ಉಪಗ್ರಹ ಗಂಟೆಗೆ ಸುಮಾರು 27,000 ಕಿ.ಮೀ. ವೇಗದಲ್ಲಿ ಸಾಗಬೇಕು, ಒಂದೊಂದೂ ಕೆಲವೇ ನಿಮಿಷ ಕಣ್ಣಳತೆಯಲ್ಲಿದ್ದು ಮರೆಯಾಗುತ್ತದೆ. ಅದನ್ನು ಹಿಂಬಾಲಿಸಿ ಸಿಗ್ನಲ್ ಹಿಡಿಯಲೆಂದು ನೆಲದ ಮೇಲೆ ಇಡುವ ಚಪ್ಪಟೆ ತಟ್ಟೆಯೊಳಗೆ ನೂರಾರು ಪುಟ್ಟ ಆಂಟೆನಾಗಳಿವೆ. ಒಂದೊಂದಕ್ಕೂ ಅಲೆಯನ್ನು ಕೂದಲೆಳೆಯಷ್ಟು ಹಿಂದುಮುಂದಾಗಿ ಕೊಟ್ಟರೆ, ತಟ್ಟೆ ಅಲುಗದೆಯೇ ಕಿರಣ ಬೇಕಾದತ್ತ ತಿರುಗುತ್ತದೆ. ಯಾವ ಉಪಗ್ರಹದ ಜೊತೆ ಮಾತು ಎಂಬುದನ್ನು ಈ ವ್ಯವಸ್ಥೆ 15 ಸೆಕೆಂಡಿಗೊಮ್ಮೆ ಮರುನಿರ್ಧರಿಸುತ್ತದೆ.

ಇದಕ್ಕೆ ಬದ್ಧವೈರಿ ಮರ. ಉಪಗ್ರಹದಿಂದ ತಟ್ಟೆಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು; ಎಲೆಯೊಳಗಿನ ನೀರು ಅದನ್ನು ಹೀರಿಕೊಳ್ಳುತ್ತದೆ. ಉಪಗ್ರಹ ಕೊಂಬೆಯ ಹಿಂದೆ ಸರಿದೊಡನೆ ಕೆಲವು ಸೆಕೆಂಡ್ ಸಂಪರ್ಕ ಕಡಿಯುತ್ತದೆ. ಬರೇ ಸಿನಿಮಾ ನೋಡುವವರಿಗೆ ಅದು ತಿಳಿಯದು, ಸಂದರ್ಶನ ಕೊಡುತ್ತಿರುವವರಿಗೆ ತಿಳಿಯುತ್ತದೆ. ನೂರು ಮೀಟರಿಗೂ ಎತ್ತರ ಬೆಳೆಯುವ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ತಟ್ಟೆಗೆ ಕಾಣುವುದು ಆಕಾಶದ ಚೂರುಗಳಷ್ಟೆ. ಮರುಭೂಮಿಯಲ್ಲಿ ದಿಗಂತದಿಂದ ದಿಗಂತಕ್ಕೆ ಬಯಲು, ಆದರೆ ನೆರಳಿಲ್ಲ. ಬೇಸಿಗೆಯಲ್ಲಿ ಜನಕ್ಕೆ ಬೇಕಾದದ್ದು ಮರದಡಿಯ ತಂಪು, ತಟ್ಟೆಗೆ ಬೇಕಾದದ್ದು ಬಟಾಬಯಲು. ಹಾಗಾಗಿ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ತಟ್ಟೆಯನ್ನು ಉದ್ದ ಕೇಬಲ್‌ನಲ್ಲಿ ಬಿಸಿಲಿಗೆ ಒಯ್ದಿಡುತ್ತಾರೆ. ದಟ್ಟ ಕಾಡಿನಲ್ಲಿ ದೂರದ ಟವರೊಂದರ 600 ಮೆಗಾಹರ್ಟ್ಸ್ ಅಲೆ ಇನ್ನೂ ಬರುತ್ತಿರಬಹುದು, ಬರಡು ಕಣಿವೆಯಲ್ಲಿ ಉಪಗ್ರಹ ಒಂದೇ ಗತಿಯಾಗಬಹುದು. ಒಂದನ್ನು ತಡೆಯುವ ನೆಲ ಇನ್ನೊಂದಕ್ಕೆ ದಾರಿ ಬಿಡುತ್ತದೆ. ಸಂಬಳ ಇಂಟರ್ನೆಟ್ಟಿನ ಮೇಲೆ ನಿಂತವರು ಎರಡನ್ನೂ ಹೊತ್ತು ತಿರುಗುವುದನ್ನು ಅತಿ ಎನ್ನಲಾಗದು.

ಕರೆಂಟಿನ ಲೆಕ್ಕ ಇನ್ನೂ ಬಿಗಿ. ದೊಡ್ಡ ತಟ್ಟೆ ಸರಾಸರಿ 60 ವಾಟ್ ಎಳೆದರೆ ದಿನಕ್ಕೆ 1,440 ವಾಟ್-ಗಂಟೆ. ಆರ್‌ವಿಗಳಲ್ಲಿ ಸಾಮಾನ್ಯವಾಗಿರುವ 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿರುವುದು 1,280. ಅಂದರೆ ದೀಪ, ಫ್ರಿಜ್, ನೀರಿನ ಪಂಪು ಯಾವುದನ್ನೂ ಹಾಕದಿದ್ದರೂ ಬ್ಯಾಟರಿ ಒಂದು ದಿನ ಬಾಳದು. ಹಿಮ ಕರಗಿಸಲು ತಟ್ಟೆ ತನ್ನನ್ನೇ ಬಿಸಿಮಾಡಿಕೊಂಡರೆ ಖರ್ಚು ಮತ್ತೂ ಏರುತ್ತದೆ. 2024ರಲ್ಲಿ ಬಂದ ಮಿನಿ ತಟ್ಟೆಗೆ ಇದರ ಅರ್ಧದಷ್ಟು ಸಾಕು; ಸೌರಫಲಕದ ಮೇಲೆ ಬದುಕುವವರು ಅದಕ್ಕೆ ಮುಗಿಬಿದ್ದದ್ದು ಗಾತ್ರ ನೋಡಿಯಷ್ಟೇ ಅಲ್ಲ.

ಸಿಗ್ನಲ್ ಇರಬಾರದೆಂದೇ ಕಾಪಾಡಿಕೊಂಡ ಸೀಮೆಯೂ ಈ ದಾರಿಯಲ್ಲಿ ಸಿಗುತ್ತದೆ. ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಸುತ್ತಲಿನ ಸುಮಾರು 34,000 ಚದರ ಕಿ.ಮೀ. ಪ್ರದೇಶ 1958ರಿಂದ ರಾಷ್ಟ್ರೀಯ ರೇಡಿಯೋ ನಿಶ್ಶಬ್ದ ವಲಯ. ಅಲ್ಲಿನ 100 ಮೀಟರ್ ಅಗಲದ ರೇಡಿಯೋ ದೂರದರ್ಶಕ ಗೆಲಾಕ್ಸಿಗಳಿಂದ ಬರುವ ಅತಿ ಕ್ಷೀಣ ಅಲೆಗಳನ್ನು ಆಲಿಸುತ್ತದೆ. ದೂರದರ್ಶಕದ ಬುಡಕ್ಕೆ ಡೀಸೆಲ್ ವಾಹನಗಳಿಗೆ ಮಾತ್ರ ಪ್ರವೇಶ, ಏಕೆಂದರೆ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ರೇಡಿಯೋ ಗದ್ದಲವೇ. ನೆಲದ ಮೇಲಿನ ನಿಯಮ ಆಕಾಶಕ್ಕೆ ಸಾಲದಾದಾಗ ಖಗೋಳಜ್ಞರು ಮತ್ತು ಸ್ಪೇಸ್‌ಎಕ್ಸ್ ಎಂಜಿನಿಯರುಗಳು ಒಟ್ಟಿಗೆ ಕುಳಿತರು. ದೂರದರ್ಶಕ ಯಾವ ದಿಕ್ಕು ನೋಡುತ್ತಿದೆಯೆಂದು ತಿಳಿದುಕೊಂಡು, ಆ ಸಾಲಿನಲ್ಲಿ ಹಾಯುವ ಉಪಗ್ರಹಗಳು ಕ್ಷಣಕಾಲ ತಮ್ಮ ಕಿರಣವನ್ನು ಬೇರೆಡೆ ತಿರುಗಿಸುವ ವಿಧಾನವನ್ನು ಅವರು 2024ರಲ್ಲಿ ಪ್ರಕಟಿಸಿದರು. ಪ್ರಯಾಣಿಕರ ಅನುಕೂಲಕ್ಕಾಗಿ ವಿಜ್ಞಾನ ಬಲಿಯಾಗಬೇಕಿಲ್ಲ ಎಂದು ತೋರಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ.

ಈಚಿನ ಹೊಸತೆಂದರೆ ತಟ್ಟೆಯೂ ಬೇಡದ ಸಂಪರ್ಕ. ಐಫೋನ್ 14 ಹಿಡಿದವರು 2022ರ ನವೆಂಬರಿನಿಂದ ಅಮೆರಿಕ, ಕೆನಡಾಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದಾಯಿತು. 2025ರ ಜುಲೈನಲ್ಲಿ ಟಿ-ಮೊಬೈಲ್, ಸ್ಟಾರ್‌ಲಿಂಕ್ ಉಪಗ್ರಹಗಳನ್ನೇ ಟವರ್ ಮಾಡಿಕೊಂಡು ಮಾಮೂಲಿ ಫೋನುಗಳಿಗೆ ಸಂದೇಶ ಸೇವೆ ತೆರೆಯಿತು. ಫೋನು ಹೊರಸೂಸುವುದು ಹೆಚ್ಚೆಂದರೆ 0.2 ವಾಟ್, ಅದನ್ನು ನೂರಾರು ಕಿ.ಮೀ. ಮೇಲಿನ ಉಪಗ್ರಹದ ದೊಡ್ಡ ಆಂಟೆನಾ ಕೇಳಿಸಿಕೊಳ್ಳಬೇಕು. ಉಪಗ್ರಹದ ಓಟದಿಂದ ಆವರ್ತನವೂ ಹತ್ತಾರು ಕಿಲೋಹರ್ಟ್ಸ್ ಸರಿದಿರುತ್ತದೆ. ಅದನ್ನೆಲ್ಲ ಸರಿದೂಗಿಸುವ ಹೊಣೆ ಉಪಗ್ರಹದ್ದೇ, ಏಕೆಂದರೆ ಫೋನಿಗೆ ತಾನು ಮಾತಾಡುತ್ತಿರುವುದು ಟವರಿನೊಂದಿಗೆ ಎಂದೇ ಗ್ರಹಿಕೆ. ಬಹುಪಾಲು ಜಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಡೆತ್ ವ್ಯಾಲಿ ಮರುಭೂಮಿಯಂಥ ಕಡೆ, ಬೇಸಿಗೆಯಲ್ಲಿ ಗಾಡಿ ಕೆಟ್ಟು ನಿಂತವರಿಗೆ ಇಂಥ ನಾಲ್ಕು ಸಾಲಿನ ಸಂದೇಶ ಜೀವ ಉಳಿಸಬಲ್ಲದು.

ಅಂಥ ಪ್ರವಾಸಗಳಿಗೆಂದು ಗಾರ್ಮಿನ್ ಇನ್‌ರೀಚ್‌ನಂಥ ಅಂಗೈ ಗಾತ್ರದ ಉಪಗ್ರಹ ಸಾಧನ ಕೊಂಡ ಕನ್ನಡಿಗರು ಒಂದು ವಿಷಯ ತಿಳಿದಿರಬೇಕು. ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲಿ ಇಂಥ ಸಾಧನವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ಚೀಲದಲ್ಲಿ ತಂದ ವಿದೇಶಿ ಪ್ರವಾಸಿಗರ ಮೇಲೆ ವಿಮಾನ ನಿಲ್ದಾಣಗಳಲ್ಲಿ ಮೊಕದ್ದಮೆ ದಾಖಲಾಗಿದೆ. ಸ್ಟಾರ್‌ಲಿಂಕ್‌ಗೆ ಇಲ್ಲಿ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿದೆ ನಿಜ, ಆದರೆ ಅದರಿಂದ ಅಮೆರಿಕದಲ್ಲಿ ಕೊಂಡ ತಟ್ಟೆಯನ್ನು ಸೂಟ್‌ಕೇಸಿನಲ್ಲಿ ತಂದು ಊರಿನ ತಾರಸಿಯ ಮೇಲೆ ಇಡುವ ಹಕ್ಕು ಬಂದಂತಾಗುವುದಿಲ್ಲ.