ಹುಲ್ಲಿಗೆ ಹಸಿವಾಗುವುದು ಯಾವಾಗ?

ಹುಲ್ಲು ತಾನಾಗಿ ಬೆಳೆಯುವುದೆಂದೂ, ಅದಕ್ಕೆ ಗೊಬ್ಬರವಿಡುವುದು ಸಿರಿವಂತರ ಹವ್ಯಾಸವೆಂದೂ ನಮ್ಮಲ್ಲಿ ಅನೇಕರ ಭಾವನೆ. ಗೋಮಾಳದ ಹುಲ್ಲಿನ ಮಟ್ಟಿಗೆ ಇದು ಬಹುಪಾಲು ದಿಟ. ಅಲ್ಲಿ ದನ ಮೇದದ್ದು ಸಗಣಿಯಾಗಿ ಮಣ್ಣಿಗೆ ಮರಳುತ್ತದೆ; ಒಣಗಿದ ಗರಿ ಬಿದ್ದಲ್ಲಿಯೇ ಕೊಳೆಯುತ್ತದೆ. ಮನೆಯ ಮುಂದಣ ಹುಲ್ಲುಹಾಸಿನ ಸ್ಥಿತಿ ಬೇರೆ. ಇಂಗ್ಲೆಂಡಿನ ಸ್ಟ್ರೌಡ್ ಸಮೀಪದ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅಂದಿನಿಂದ ಸಾಮಾನ್ಯ ಗೃಹಸ್ಥನೂ ತನ್ನ ಅಂಗಳದ ಹುಲ್ಲನ್ನು ವಾರವಾರವೂ ಕತ್ತರಿಸಬಲ್ಲವನಾದ. ಕತ್ತರಿಸಿದ ಗರಿಯನ್ನು ಗುಡಿಸಿ ಹೊರಗೆ ಸಾಗಿಸಿದಷ್ಟೂ ಮಣ್ಣಿನ ಸಾರವು ಅದರೊಡನೆಯೇ ಹೊರಟುಹೋಗುತ್ತದೆ. ಹೀಗೆ ತೆಗೆದುದನ್ನು ತುಂಬಿಕೊಡಲೇಬೇಕಾಗುತ್ತದೆ.

ಇದು ಸಣ್ಣ ವಿಷಯವೆಂದು ಕಡೆಗಣಿಸುವಂತಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹುಲ್ಲುಹಾಸು ಆವರಿಸಿರುವ ನೆಲವು ಅಲ್ಲಿ ನೀರುಣಿಸಿ ಬೆಳೆಯುವ ಯಾವ ಒಂದು ಬೆಳೆಯ ವಿಸ್ತಾರಕ್ಕಿಂತಲೂ ಹೆಚ್ಚೆಂದು 2005ರಲ್ಲಿ ಪ್ರಕಟವಾದ ಒಂದು ಅಂದಾಜು ತೋರಿಸಿತು. ಅಷ್ಟು ನೆಲಕ್ಕೆ ಎರಚುವ ಗೊಬ್ಬರವು ಸಕಾಲದಲ್ಲಿ ಬಿದ್ದರೆ ಹುಲ್ಲಿನ ಹೊಟ್ಟೆ ಸೇರುತ್ತದೆ. ಅಕಾಲದಲ್ಲಿ ಬಿದ್ದರೆ ಮಳೆನೀರಿನೊಡನೆ ಹರಿದು ಕೆರೆ ನದಿಗಳನ್ನು ಸೇರುತ್ತದೆ. ಆದುದರಿಂದ ಹುಲ್ಲಿಗೆ ನಿಜವಾಗಿ ಹಸಿವಾಗುವುದು ಯಾವಾಗ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಹಿಮ ಕರಗಿ ವಸಂತ ಕಾಲಿಟ್ಟೊಡನೆ ಗೊಬ್ಬರದ ಚೀಲ ಬಿಚ್ಚುವುದು ಶೀತದೇಶಗಳ ಮನೆಯೊಡೆಯರ ರೂಢಿ. ಮೇಲ್ನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ನೆಲದೊಳಗೆ ಆಗ ಏನು ನಡೆಯುತ್ತಿದೆ ಎಂಬುದನ್ನು ನೋಡೋಣ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಹೆಚ್ಚಾಗಿ ಬೆಳೆಸುವುದು ಕೆಂಟಕಿ ನೀಲಿಹುಲ್ಲು, ರೈ ಹುಲ್ಲು, ಫೆಸ್ಕ್ಯು ಎಂಬ ಶೀತಪ್ರಿಯ ಜಾತಿಗಳನ್ನು. ಇವು ಶರತ್ಕಾಲದಲ್ಲಿ ತಯಾರಿಸಿದ ಸಕ್ಕರೆಯ ಅಂಶವನ್ನು ಬುಡದಲ್ಲಿ ಕೂಡಿಟ್ಟುಕೊಂಡು ಚಳಿಗಾಲವನ್ನು ಕಳೆಯುತ್ತವೆ. ಮಣ್ಣಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವಾಗ ಅವುಗಳ ಬೇರು ಚೆನ್ನಾಗಿ ಬೆಳೆಯುತ್ತದೆ. ಎಲೆಗಳಿಗೆ 15ರಿಂದ 24 ಡಿಗ್ರಿ ಹಿತಕರ. ಎಂದರೆ ವಸಂತದ ಆರಂಭವು ಮುಖ್ಯವಾಗಿ ಬೇರಿನ ಕಾಲ. ಆಗ ಸಾರಜನಕವನ್ನು ಧಾರಾಳವಾಗಿ ಉಣಿಸಿದರೆ ಗಿಡವು ಕೂಡಿಟ್ಟ ಸಕ್ಕರೆಯನ್ನೆಲ್ಲ ಎಲೆ ಕಟ್ಟುವುದಕ್ಕೆ ಸುರಿದುಬಿಡುತ್ತದೆ. ಹಾಸು ಕಣ್ಣಿಗೆ ಹಬ್ಬವಾಗುತ್ತದೆ. ಬೇರು ಮಾತ್ರ ಬಡವಾಗುತ್ತದೆ. ಮುಂದೆ ಬೇಸಗೆ ಬಂದು ಮೇಲ್ಮಣ್ಣು ಒಣಗಿದಾಗ, ಆಳಕ್ಕಿಳಿಯದ ಆ ಬೇರು ನೀರನ್ನು ಮುಟ್ಟಲಾರದು.

ಈ ಕಾರಣದಿಂದ ಶೀತಪ್ರಿಯ ಹುಲ್ಲಿಗೆ ಮುಖ್ಯ ಊಟವನ್ನು ಶರತ್ಕಾಲದಲ್ಲಿ ಬಡಿಸುವುದು ಲೇಸು. ವಸಂತದಲ್ಲಿ ಕೊಡಬೇಕಾದುದು ಲಘು ಉಪಾಹಾರ ಮಾತ್ರ. ಅದೂ ಮೊದಲ ಚಿಗುರಿನ ಆವೇಗ ತಗ್ಗಿದ ಮೇಲೆ, ಉತ್ತರ ರಾಜ್ಯಗಳಲ್ಲಿ ಸುಮಾರು ಮೇ ತಿಂಗಳಲ್ಲಿ. ಹೆಪ್ಪುಗಟ್ಟಿದ ನೆಲದ ಮೇಲೆ ಗೊಬ್ಬರ ಚೆಲ್ಲುವುದಂತೂ ಸಲ್ಲದು; ಅದನ್ನು ಹೀರುವ ಬೇರು ಆಗ ಎಚ್ಚೆತ್ತಿರುವುದಿಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳ ಹುಲ್ಲಿನ ಸ್ವಭಾವ ಇದಕ್ಕೆ ವಿರುದ್ಧ. ಅಲ್ಲಿ ಅಂಗಳಗಳನ್ನು ತುಂಬಿರುವ ಬರ್ಮುಡ ಹುಲ್ಲು ನಮಗೆ ಹೊಸದಲ್ಲ. ಅದು ಗಣಪತಿಯ ಪೂಜೆಗೆ ನಾವು ಕೊಯ್ದು ತರುವ ಗರಿಕೆಯೇ. ಗರಿಕೆಯ ಎಲೆಗಳು ಹುಲುಸಾಗಿ ಬೆಳೆಯುವುದು 27ರಿಂದ 35 ಡಿಗ್ರಿ ಉಷ್ಣತೆಯಲ್ಲಿ. ಈ ವ್ಯತ್ಯಾಸದ ಮೂಲವು ಎಲೆಯೊಳಗಿನ ರಾಸಾಯನಿಕ ಕ್ರಿಯೆಯಲ್ಲಿದೆ. ನೀಲಿಹುಲ್ಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯಬೇಕಾದ ಕಿಣ್ವವು ಸೆಕೆ ಏರಿದಂತೆಲ್ಲ ಆಮ್ಲಜನಕವನ್ನೂ ಹಿಡಿಯತೊಡಗಿ ತನ್ನ ಶ್ರಮವನ್ನು ವ್ಯರ್ಥಮಾಡಿಕೊಳ್ಳುತ್ತದೆ. ಗರಿಕೆಯಾದರೋ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲ ಪರಮಾಣುಗಳುಳ್ಳ ಆಮ್ಲವಾಗಿ ಕಟ್ಟಿ, ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಆ ಕಿಣ್ವದ ಸುತ್ತ ಅದನ್ನು ದಟ್ಟವಾಗಿ ಬಿಡುಗಡೆ ಮಾಡುತ್ತದೆ. ಈ ಮಾರ್ಗವನ್ನು ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಕಬ್ಬಿನ ಎಲೆಯನ್ನು ಪರೀಕ್ಷಿಸಿ ವಿವರಿಸಿದರು. ಗರಿಕೆ, ಕಬ್ಬು, ಜೋಳ, ರಾಗಿಗಳೆಲ್ಲವೂ ಈ ಪಂಗಡಕ್ಕೆ ಸೇರಿದವು. ಆದುದರಿಂದ ದಕ್ಷಿಣದ ಹುಲ್ಲುಹಾಸಿಗೆ ಅದು ಪೂರ್ತಿ ಹಸುರಾಗಿ, ಮಣ್ಣು ಸುಮಾರು 18 ಡಿಗ್ರಿಗಿಂತ ಬೆಚ್ಚಗಾದ ಮೇಲೆಯೇ ಗೊಬ್ಬರ ಕೊಡಬೇಕು. ಅದಕ್ಕೆ ಮೊದಲೇ ಕೊಟ್ಟು ಚಿಗುರಿಸಿದರೆ, ಮರುಕಳಿಸಿದ ಒಂದು ರಾತ್ರಿಯ ಹಿಮವು ಎಳೆ ಗರಿಗಳನ್ನು ಕಮರಿಸಬಹುದು.

ಕಾಲದ ಮಾತು ಹೀಗಾಯಿತು. ಇನ್ನು ಯಾವ ಗೊಬ್ಬರ, ಎಷ್ಟು? ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1856ರಲ್ಲಿ ಒಂದು ಹಳೆಯ ಹುಲ್ಲುಗಾವಲನ್ನು ತುಂಡುತುಂಡಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರವನ್ನು ಕೊಡಲು ಆರಂಭಿಸಿದರು. ಅವರು ಗತಿಸಿದ ಮೇಲೂ ಆ ಪ್ರಯೋಗ ಮುಂದುವರಿದಿದೆ. ಏನನ್ನೂ ಕೊಡದ ತುಂಡುಗಳಲ್ಲಿ ಇಳುವರಿ ಕಡಿಮೆ. ಆದರೆ ಅಲ್ಲಿ 35ಕ್ಕೂ ಹೆಚ್ಚು ಜಾತಿಯ ಸಸ್ಯಗಳು ಕೂಡಿ ಬಾಳುತ್ತಿವೆ. ವರ್ಷವರ್ಷವೂ ಅಮೋನಿಯಂ ಸಲ್ಫೇಟನ್ನು ಹೇರಳವಾಗಿ ಉಂಡು, ಸುಣ್ಣವನ್ನು ಕಾಣದ ತುಂಡುಗಳಲ್ಲಿ ಉಳಿದಿರುವುದು ಎರಡು ಮೂರು ಜಾತಿಗಳು ಮಾತ್ರ. ಅಮೋನಿಯವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟಾಗಿ ಮಾರ್ಪಡುವಾಗ ಆಮ್ಲ ಹುಟ್ಟುತ್ತದೆ. ಆ ಮಣ್ಣು ಹುಳಿಯೇರಿ, ಎರೆಹುಳುಗಳೂ ನೆಲೆ ತಪ್ಪಿ, ಸತ್ತ ಹುಲ್ಲು ಕೊಳೆಯದೆ ಮೇಲೆ ಚಾಪೆಯಂತೆ ಕಟ್ಟಿಕೊಂಡಿತು. ಅದೇ ಸಾರಜನಕವನ್ನು ಸೋಡಿಯಂ ನೈಟ್ರೇಟಿನ ರೂಪದಲ್ಲಿ ಪಡೆದ ತುಂಡುಗಳಿಗೆ ಈ ಗತಿ ಬರಲಿಲ್ಲ. ಗೊಬ್ಬರವನ್ನು ಕೊಳ್ಳುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಬೇಕೆಂದು ಹೇಳುವುದರ ಅರ್ಥ ಇದರಿಂದ ವೇದ್ಯವಾಗುತ್ತದೆ.

ಗೊಬ್ಬರದ ಚೀಲದ ಮೇಲೆ 20-5-10 ಎಂಬಂಥ ಮೂರು ಅಂಕಿಗಳನ್ನು ಕಾಣುತ್ತೇವೆ. ಇವು ಅನುಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಸಿಯಂಗಳ ಶೇಕಡಾ ತೂಕ. ಹಳೆಯ ವಾಡಿಕೆಯಂತೆ ಕಡೆಯ ಎರಡನ್ನು ಅವುಗಳ ಆಕ್ಸೈಡುಗಳ ಲೆಕ್ಕದಲ್ಲಿ ಹೇಳುತ್ತಾರೆ. ಹುಲ್ಲುಹಾಸಿಗೆ ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕ ಸಾಕು. ಹಾಸು 100 ಚದರ ಮೀಟರ್ ಇದ್ದರೆ ಒಟ್ಟು 500 ಗ್ರಾಂ ಬೇಕು. 20ರ ಚೀಲದಲ್ಲಿ ಅಷ್ಟು ಸಾರಜನಕವಿರುವುದು 2.5 ಕಿಲೋಗ್ರಾಂ ಗೊಬ್ಬರದಲ್ಲಿ. ಶೀತಪ್ರಿಯ ಹುಲ್ಲಿನ ವಸಂತದ ಉಪಾಹಾರಕ್ಕೆ ಇದರ ಅರ್ಧವೇ ಯಥೇಷ್ಟ. ಹೆಚ್ಚು ಹಾಕಿದರೆ ಹೆಚ್ಚು ಫಲವೆಂಬುದು ತಪ್ಪು. ಮಣ್ಣಿನ ನೀರಿನಲ್ಲಿ ಲವಣ ಮಿತಿಮೀರಿದರೆ ಬೇರು ನೀರನ್ನು ಹೀರಲಾರದು. ಹುಲ್ಲು ನೀರಿನ ನಡುವೆಯೇ ಬಾಯಾರಿ ಒಣಗುತ್ತದೆ. ‘ಗೊಬ್ಬರ ಸುಟ್ಟಿತು’ ಎಂದು ತೋಟಗಾರರು ಹೇಳುವುದು ಇದನ್ನೇ.

ಹಾಕುವ ಕ್ರಮವೂ ಸರಳ. ಗರಿಗಳು ಒಣಗಿರುವಾಗ, ಅಳೆದ ಗೊಬ್ಬರವನ್ನು ಎರಡು ಪಾಲು ಮಾಡಿ, ಒಂದನ್ನು ಹಾಸಿನ ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಎರಚಬೇಕು. ಹೀಗೆ ಮಾಡಿದರೆ ಪಟ್ಟೆಪಟ್ಟೆಯಾಗಿ ಹಸುರೇಳುವುದು ತಪ್ಪುತ್ತದೆ. ಕಲ್ಲುಹಾಸಿನ ಮೇಲೆ ಬಿದ್ದ ಕಾಳುಗಳನ್ನು ಗುಡಿಸಿ ಹುಲ್ಲಿಗೇ ಸೇರಿಸಬೇಕು. ಅನಂತರ ಹಗುರವಾಗಿ ನೀರು ಹಾಯಿಸಬೇಕು. ಯೂರಿಯಾ ಬಳಸಿದಾಗ ಇದು ಬಹು ಮುಖ್ಯ. ಅದು ಮಣ್ಣಿನ ಮೇಲೆಯೇ ಉಳಿದರೆ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಜಡಿಮಳೆ ಬರುವ ಸೂಚನೆಯಿದ್ದ ದಿನ ಗೊಬ್ಬರವನ್ನು ಮುಟ್ಟದಿರುವುದೇ ಒಳಿತು. ಕತ್ತರಿಸಿದ ಗರಿಗಳನ್ನು ಹಾಸಿನ ಮೇಲೆಯೇ ಬಿಟ್ಟರೆ ಅವು ಕೊಳೆತು ಸಾರಜನಕದ ಒಂದು ಪಾಲನ್ನು ಪುಕ್ಕಟೆಯಾಗಿ ಹಿಂದಿರುಗಿಸುತ್ತವೆ.

ಇಷ್ಟೊಂದು ಎಚ್ಚರಿಕೆ ಏಕೆಂದು ಕೇಳಬಹುದು. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದ ನೀರನ್ನು ಅವಲಂಬಿಸಿದ್ದ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿಯ ನೀರನ್ನು ಕುಡಿಯಬೇಡಿರೆಂದು ಸಾರಲಾಯಿತು. ಈರೀ ಸರೋವರದಲ್ಲಿ ನೀಲಿ-ಹಸುರು ಪಾಚಿ ಹಬ್ಬಿ ನೀರಿಗೆ ವಿಷ ಬೆರೆತಿತ್ತು. ಕುದಿಸಿದರೂ ಆ ವಿಷ ಅಳಿಯುವಂತಿರಲಿಲ್ಲ. ಪಾಚಿಯನ್ನು ಕೊಬ್ಬಿಸಿದ್ದು ರಂಜಕ. ಅದರಲ್ಲಿ ಹೆಚ್ಚಿನ ಪಾಲು ಬೇಸಾಯದ ಹೊಲಗಳಿಂದ ಹರಿದು ಬಂದುದು ನಿಜ. ಆದರೆ ನಗರದ ಅಂಗಳದ ರಂಜಕವನ್ನು ಪಾಚಿಯು ಬೇರೆ ಮಾಡಿ ನೋಡುವುದಿಲ್ಲ. ಸರೋವರಗಳ ನಾಡಾದ ಮಿನೆಸೋಟ ರಾಜ್ಯವು 2002ರಲ್ಲಿ ಕಾನೂನು ಮಾಡಿ, ಹೊಸ ಹಾಸಿಗೆ ಅಥವಾ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡ ಹಾಸಿಗೆ ಹೊರತು ರಂಜಕದ ಗೊಬ್ಬರ ಕೂಡದೆಂದು ವಿಧಿಸಿತು. 2005ರಲ್ಲಿ ಆ ನಿಯಮ ರಾಜ್ಯದಾದ್ಯಂತ ಜಾರಿಗೆ ಬಂದಿತು.

ಕರ್ನಾಟಕದ ಬಯಲುಸೀಮೆಯಲ್ಲಿ ಹುಲ್ಲಿನ ನಿದ್ರೆಗೆ ಕಾರಣ ಚಳಿಯಲ್ಲ, ನೀರಿನ ಅಭಾವ. ನಮ್ಮ ವಸಂತವೆಂದರೆ ಯುಗಾದಿಯ ಬಿಸಿಲು. ಮರಗಳು ಚಿಗುರಿದರೂ ನೀರುಣಿಸದ ಗರಿಕೆ ಒಣಗಿ ಮಲಗಿರುತ್ತದೆ. ಆಗ ಗೊಬ್ಬರ ಚೆಲ್ಲುವುದು ನಿದ್ರಿಸುವವನ ಬಾಯಿಗೆ ತುತ್ತಿಟ್ಟಂತೆ. ಮುಂಗಾರಿನ ಮೊದಲ ಮಳೆಗಳು ನೆಲವನ್ನು ತೋಯಿಸಿ, ಬುಡದಲ್ಲಿ ಹೊಸ ಗರಿ ಕಾಣಿಸಿಕೊಂಡಾಗ ಮಳೆ ಬಿಡುವು ಕೊಟ್ಟ ದಿನವೊಂದನ್ನು ನೋಡಿ ಕೊಡುವ ಅಲ್ಪ ಗೊಬ್ಬರ, ಚದರ ಮೀಟರಿಗೆ 11 ಗ್ರಾಂ ಯೂರಿಯಾ, ಸಂಪೂರ್ಣವಾಗಿ ಸಾರ್ಥಕವಾಗುತ್ತದೆ. ಪಂಚಾಂಗದ ವಸಂತ ಎಲ್ಲೆಡೆಯೂ ಒಂದೇ ಸಮಯಕ್ಕೆ ಬರಬಹುದು. ಹುಲ್ಲಿನ ವಸಂತ ಮಾತ್ರ ಆಯಾ ಊರಿನ ಮಣ್ಣಿನಲ್ಲಿ ಹುಟ್ಟುತ್ತದೆ. ಗೊಬ್ಬರದ ಚೀಲಕ್ಕೆ ಕೈಹಾಕುವ ಮುನ್ನ ನಾವು ನೆಲವನ್ನು ಮುಟ್ಟಿ ನೋಡಬೇಕು. ಅದು ಬೆಚ್ಚಗೂ ತೇವವಾಗಿಯೂ ಇದ್ದರೆ ಹುಲ್ಲು ಹಸಿದಿದೆಯೆಂದು ತಿಳಿಯಬೇಕು.