ಮಣ್ಣಿನ ರಚನೆಯೂ ಶಿಲೀಂಧ್ರ ರೋಗಗಳ ಹಬ್ಬುಗೆಯೂ

ಹಂಸಭಾವಿಯ ಸುತ್ತಮುತ್ತಲಿನ ಜಮೀನುದಾರರಿಗೂ ಊರ ಹಿರಿಯರಿಗೂ ತಮ್ಮ ಭೂಮಿಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಒಂದೇ ಊರಿನ ಎಲ್ಲೆಯೊಳಗೆ ದಿನ್ನೆಯ ಮೇಲೆ ಮಸಾರಿ, ತಗ್ಗಿನಲ್ಲಿ ಎರೆ. ಎರಡಕ್ಕೂ ಬೀಳುವ ಮಳೆ ಒಂದೇ. ಆದರೂ ಮಸಾರಿಯ ಶೇಂಗಾಕ್ಕೆ ಬುಡಕೊಳೆ ತಗಲಿದರೆ, ಎರೆಯ ತಗ್ಗಿನಲ್ಲಿ ಶುಂಠಿಯ ಗಡ್ಡೆ ಕೊಳೆಯುತ್ತದೆ, ಮೆಣಸಿನ ಗಿಡ ಬಾಡುತ್ತದೆ. ಇವೆಲ್ಲವೂ ಒಂದೇ ರೋಗವೆಂದು ಭಾವಿಸಿ ಒಂದೇ ಔಷಧವನ್ನು ಎಲ್ಲ ಹೊಲಕ್ಕೂ ಸುರಿಯುವವರು ಅನೇಕರುಂಟು. ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಇದಕ್ಕೆ ಕಾರಣವು ಬಹುಮಟ್ಟಿಗೆ ಮಣ್ಣಿನ ಒಳಗಟ್ಟಿನಲ್ಲಿದೆ.

ಮಣ್ಣೆಂಬುದು ಬರಿಯ ಪುಡಿಯಲ್ಲ. ಅದರ ಕಣಗಳು ಕೂಡಿಕೊಂಡು ಹರಳುಗಳಾಗುತ್ತವೆ. ಹರಳುಗಳ ನಡುವೆ ಸಂದುಗಳಿರುತ್ತವೆ. ದೊಡ್ಡ ಸಂದುಗಳಿಂದ ನೀರು ಬೇಗ ಬಸಿದು ಗಾಳಿ ತುಂಬುತ್ತದೆ. ಸಣ್ಣ ಸಂದುಗಳು ನೀರನ್ನು ಹಿಡಿದಿಡುತ್ತವೆ. ಶಿಲೀಂಧ್ರದ ಎಳೆಯು ನಮ್ಮ ಕೂದಲಿಗಿಂತಲೂ ಎಷ್ಟೋ ಪಾಲು ಸಣ್ಣದು. ಅದು ಗಾಳಿಯಿರುವ ಸಂದುಗಳನ್ನು ಹಿಡಿದು ಮುಂದೆ ಸಾಗುತ್ತದೆ. ನೀರಿನಲ್ಲಿ ಪ್ರಾಣವಾಯುವಿನ ಸಂಚಾರವು ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಾಲು ನಿಧಾನವಾದ್ದರಿಂದ, ಸಂದುಗಳು ನೀರಿನಿಂದ ಮುಚ್ಚಿಕೊಂಡಾಗ ಇಂಥ ಶಿಲೀಂಧ್ರಗಳ ಓಟ ಕುಗ್ಗುತ್ತದೆ.

ಮಸಾರಿಯಲ್ಲಿ ಶೇಂಗಾದ ಬುಡವನ್ನು ಕೊಳೆಸುವ ಸ್ಕ್ಲೆರೋಷಿಯಂ ಈ ಗುಂಪಿನದು. ಗಿಡದ ಬುಡದಲ್ಲಿ ಬಿಳಿಯ ನೂಲಿನಂಥ ಬೆಳವಣಿಗೆಯೂ ಅದರ ಮೇಲೆ ಸಾಸಿವೆಯ ಕಾಳಿನಂಥ ಕಂದು ಗುಂಡುಗಳೂ ಕಂಡರೆ ಅದೇ ಎಂದು ತಿಳಿಯತಕ್ಕದ್ದು. ಗಾಳಿಯಾಡುವ ಮೇಲ್ಮಣ್ಣೇ ಅದರ ಮನೆ. ಉದುರಿದ ಎಲೆಗಳೂ ಅರೆಕೊಳೆತ ಕಸವೂ ಅದಕ್ಕೆ ಬುತ್ತಿ; ಅವುಗಳನ್ನು ಮೆಟ್ಟಿಲು ಮಾಡಿಕೊಂಡು ಗಿಡದಿಂದ ಗಿಡಕ್ಕೆ ದಾಟುತ್ತದೆ. ಆದಕಾರಣ ಎಡೆಕುಂಟಿ ಹೊಡೆಯುವಾಗ ಶೇಂಗಾದ ಬುಡಕ್ಕೆ ಮಣ್ಣನ್ನೂ ಕಸವನ್ನೂ ಏರಿಸಬಾರದು. ರೋಗ ಕಂಡ ಹೊಲವನ್ನು ಬೇಸಿಗೆಯಲ್ಲಿ ಮೇಲ್ಮಣ್ಣು ಕೆಳಗಾಗುವಂತೆ ರಂಟಿಯಿಂದ ಆಳವಾಗಿ ಹೊರಳಿಸಿದರೆ ಆ ಗುಂಡುಗಳು ಗಾಳಿ ಕಡಮೆಯಿರುವಲ್ಲಿ ಹೂತು, ಬಹುಪಾಲು ಮೊಳೆಯಲಾರದೆ ನಶಿಸುತ್ತವೆ. ಮರುವರ್ಷ ಮತ್ತೆ ಅಷ್ಟೇ ಆಳಕ್ಕೆ ಹೊರಳಿಸಿದರೆ ಹೂತವುಗಳಲ್ಲಿ ಬದುಕುಳಿದವು ಮೇಲಕ್ಕೆ ಬರುವ ಭಯವುಂಟು. ಆ ವರ್ಷ ಕುಂಟಿಯೇ ಸಾಕು. ಗೋವಿನಜೋಳ ಅಥವಾ ಜೋಳದೊಡನೆ ಬೆಳೆಯನ್ನು ಬದಲಿಸುವುದೂ ಲೇಸು.

ಎರೆಯ ತಗ್ಗಿನ ಕಥೆ ಬೇರೆ. ಶುಂಠಿಯ ಗಡ್ಡೆಯನ್ನೂ ಮೆಣಸಿನ ಎಳೆಯ ಸಸಿಯನ್ನೂ ಕೊಳೆಸುವ ಪಿಥಿಯಂ, ಮೆಣಸಿನ ಗಿಡದ ಬುಡವನ್ನು ಕೊಳೆಸುವ ಫೈಟೋಫ್ತೊರಾ ಎಂಬವುಗಳನ್ನು ಶಾಸ್ತ್ರಜ್ಞರು ಈಗ ನಿಜವಾದ ಶಿಲೀಂಧ್ರಗಳ ಕುಲಕ್ಕೆ ಸೇರಿಸುವುದಿಲ್ಲ. ಔಷಧದ ಆಯ್ಕೆಯಲ್ಲಿ ಈ ಭೇದವು ರೈತನಿಗೂ ಮುಖ್ಯ. ಅವುಗಳ ಬೀಜಾಣುಗಳಿಗೆ ಬಾಲವುಂಟು, ಅವು ಈಜುತ್ತವೆ. ನೀರು ತುಂಬಿದ ಸಂದುಗಳೇ ಅವುಗಳ ಹಾದಿ. ಗಾಳಿಯಿಲ್ಲದೆ ಬಳಲಿದ ಬೇರಿಗೆ ತಡೆಯುವ ಶಕ್ತಿಯೂ ಆಗ ಇರುವುದಿಲ್ಲ. ಹಸಿ ಹೊಲದಲ್ಲಿ ಟ್ರ್ಯಾಕ್ಟರನ್ನು ಪದೇ ಪದೇ ಓಡಿಸಿದಾಗ ಉಳುಮೆಯ ಆಳದ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಮಳೆಯ ನೀರು ಅದರ ಮೇಲೆ ನಿಲ್ಲುತ್ತದೆ. ಇಂಥಲ್ಲಿ ಔಷಧಕ್ಕಿಂತ ಬಸಿಗಾಲುವೆ ಮೊದಲು. ಶುಂಠಿಗೆ ಏರುಮಡಿ, ಮೆಣಸಿನಕಾಯಿಗೆ ಬೋದು ಬೇಕೇ ಬೇಕು. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲಕ್ಕೆ ನುಗ್ಗಿದರೆ ರೋಗವೂ ಜೊತೆಗೆ ಹೋಗುವುದರಿಂದ, ಬಸಿಗಾಲುವೆಯ ದಾರಿಯನ್ನು ನೆರೆಹೊರೆಯವರು ಕೂಡಿ ನಿಶ್ಚಯಿಸಬೇಕು. ಇದರಲ್ಲಿ ಊರ ಹಿರಿಯರ ಮಾತಿಗೆ ಬೆಲೆಯುಂಟು.

ಹಾಗೆಂದು ಎರೆಯಲ್ಲಿ ನಿಜವಾದ ಶಿಲೀಂಧ್ರಗಳ ಕಾಟವೇ ಇಲ್ಲವೆನ್ನುವಂತಿಲ್ಲ. ನಮ್ಮ ನಾಡಹತ್ತಿಯ ಸೊರಗು ರೋಗವು ಕ್ಷಾರಗುಣದ ಎರೆಭೂಮಿಯಲ್ಲಿಯೇ ಪ್ರಬಲ. ಅಮೇರಿಕದಲ್ಲಿಯಾದರೋ ಹತ್ತಿಯ ಸೊರಗು ಹುಳಿಗುಣದ ಮರಳುಭೂಮಿಯಲ್ಲಿ, ಬೇರಿನ ಗಂಟುಹುಳುವಿನ ಜೊತೆಗೂಡಿ ಬರುತ್ತದೆ. ಶಿಲೀಂಧ್ರ ಒಂದೇ ಜಾತಿಯದಾದರೂ ಪಂಗಡ ಬೇರೆ, ಭೂಮಿ ಬೇರೆ. ಈ ರೋಗಕ್ಕೆ ಔಷಧ ಹಾಕಿ ಗೆದ್ದವರಿಲ್ಲ. ಧಾರವಾಡದಲ್ಲಿ 1950ಕ್ಕೆ ಮೊದಲೇ ಸಿದ್ಧವಾದ, ಸೊರಗನ್ನು ತಾಳುವ ಜಯವಂತ ತಳಿಯಂಥವುಗಳಿಂದಲೇ ಆಗಿನ ರೈತರು ಉಳಿದುಕೊಂಡರು.

ನಿಮ್ಮ ಮಣ್ಣಿನ ಗುಣವನ್ನು ಅರಿಯಲು ಯಂತ್ರ ಬೇಡ. ಒಣಗಿದ ಹರಳುಗಳನ್ನು ಹೊಲದಿಂದ ತಂದು ಬಟ್ಟಲಿನ ನೀರಿನಲ್ಲಿ ಮೆಲ್ಲಗೆ ಬಿಡಿರಿ. ಕೆಲವೇ ನಿಮಿಷಗಳಲ್ಲಿ ಕರಗಿ ರಾಡಿಯಾದರೆ ಕಟ್ಟು ದುರ್ಬಲವೆಂದೂ, ಮಳೆಗಾಲದಲ್ಲಿ ಸಂದುಗಳು ಮುಚ್ಚುವುವೆಂದೂ ತಿಳಿಯಿರಿ. ಅದೇ ಹೊಲದ ಬದುವಿನ ಹುಲ್ಲಿನ ಕೆಳಗಿನ ಹರಳನ್ನು ಹೋಲಿಸಿ ನೋಡಿರಿ. ಅದು ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹುಲ್ಲಿನ ಬೇರುಗಳೂ, ಸೋಜಿಗವೆಂದರೆ, ಕೇಡು ಮಾಡದ ಶಿಲೀಂಧ್ರಗಳ ಎಳೆಗಳೂ ಆ ಹರಳನ್ನು ಕಟ್ಟಿ ಹಿಡಿದಿರುತ್ತವೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಇವಕ್ಕೆ ಆಹಾರ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಹಾಕುವವರು ಅದನ್ನು ಒಣಮಣ್ಣಿಗೆ ಬರಿದೇ ಎರಚದೆ, ನೆರಳಿನಲ್ಲಿ ತೇವವಾಗಿಟ್ಟ ಇಂಥ ಗೊಬ್ಬರದಲ್ಲಿ ಕಲಸಿ, ಕೆಲವು ದಿನ ಹಬ್ಬಲು ಬಿಟ್ಟು, ಬಿತ್ತನೆಯ ಮುಂಚೆ ಸಾಲಿಗೆ ಕೊಡತಕ್ಕದ್ದು.